ನಮ್ಮ ಹೆಸರಿಗೆ ಎರಡೇ ಕಾಲಂ ಸಾಕೇ?



ನಮ್ಮ ಸಂಘದ ಸದಸ್ಯತ್ವ ಪಟ್ಟಿಯು ಹಳೆಯ ಎಕ್ಸೆಲ್ ಹಾಳೆಗಳಿಂದ ಹೊಸ ತಂತ್ರಾಂಶಕ್ಕೆ ವರ್ಗವಾಗುತ್ತಿರುವುದು ತಮಗೆಲ್ಲ ತಿಳಿದೇ ಇದೆ. ಸಂಜೆಯ ಬಿಡುವನ್ನೂ ವಾರಾಂತ್ಯವನ್ನೂ ಇದಕ್ಕೆ ಮೀಸಲಿಟ್ಟ ಸ್ವಯಂಸೇವಕರಲ್ಲಿ ಅನುಭವಿ ಎಂಜಿನಿಯರುಗಳಿದ್ದಾರೆ. ನಮ್ಮದೇ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿ ಈಗ ಹೈಸ್ಕೂಲು ಮುಗಿಸುತ್ತಿರುವ ಮಕ್ಕಳೂ ಇದ್ದಾರೆ. ಅವರ ಮುಂದೆ ಒಂದು ಪ್ರಶ್ನೆ ಇನ್ನೂ ಇತ್ಯರ್ಥವಾಗದೆ ಉಳಿದಿದೆ. ತಂತ್ರಾಂಶದೊಳಗೆ ಒಬ್ಬ ಸದಸ್ಯನನ್ನು ಸೃಷ್ಟಿಸುವಾಗ ಆತನ ಹೆಸರಿನ ಎಷ್ಟು ಭಾಗಗಳನ್ನು ಕೇಳಬೇಕು? ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡೇ ಸಾಕೇ? ಅಥವಾ ಎಷ್ಟು ಭಾಗಗಳು ಬಂದರೂ ಸ್ವೀಕರಿಸುವಂತೆ ಬರೆಯಬೇಕೇ?

ವೃತ್ತಿಯಿಂದ ನಾವು ವೈದ್ಯರು. ತಂತ್ರಾಂಶ ನಮ್ಮ ಅನ್ನದ ಕಸುಬಲ್ಲ. ಆದರೂ ಈ ಪ್ರಶ್ನೆಯಲ್ಲಿ ನಮಗೊಂದು ಖಚಿತವಾದ ಅಭಿಪ್ರಾಯವಿದೆ. ಹೆಸರು ತಪ್ಪಾಗಿ ದಾಖಲಾದರೆ ಏನಾಗುತ್ತದೆ ಎಂಬುದನ್ನು ಎಂಜಿನಿಯರಿಗಿಂತ ಹತ್ತಿರದಿಂದ ಕಾಣುವವರು ಆಸ್ಪತ್ರೆಯಲ್ಲಿ ದುಡಿಯುವವರು. ಆದುದರಿಂದ ಈ ಅಂಕಣದಲ್ಲಿ ರಕ್ತದೊತ್ತಡವನ್ನೂ ಸಕ್ಕರೆ ಕಾಯಿಲೆಯನ್ನೂ ಒಂದು ತಿಂಗಳ ಮಟ್ಟಿಗೆ ಬದಿಗಿರಿಸಿ, ಕನ್‌ಸ್ಟ್ರಕ್ಟರ್ ಎಂಬ ವಸ್ತುವಿನ ಬಗೆಗೆ ಬರೆಯಲು ಅನುಮತಿ ಕೋರುತ್ತೇವೆ.

ಕನ್‌ಸ್ಟ್ರಕ್ಟರ್ ಎಂದರೇನು ಎಂಬುದನ್ನು ಈ ಕ್ಷೇತ್ರಕ್ಕೆ ಹೊರಗಿರುವ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳುವುದು ಉಚಿತ. ತಂತ್ರಾಂಶದಲ್ಲಿ ‘ಸದಸ್ಯ’, ‘ಕುಟುಂಬ’, ‘ರೋಗಿ’ ಇತ್ಯಾದಿ ಪರಿಕಲ್ಪನೆಗಳಿಗೆ ಒಂದೊಂದು ಅಚ್ಚು ಇರುತ್ತದೆ. ಆ ಅಚ್ಚಿನಿಂದ ಒಬ್ಬ ನಿಜವಾದ ಸದಸ್ಯನ ದಾಖಲೆಯನ್ನು ಎರಕ ಹೊಯ್ಯುವ ಕ್ಷಣದಲ್ಲಿ ಮೊಟ್ಟಮೊದಲು ನಡೆಯುವ ವಿಧಿಯೇ ಕನ್‌ಸ್ಟ್ರಕ್ಟರ್. ಅದಕ್ಕೆ ನಾವು ಒದಗಿಸುವ ಸಾಮಗ್ರಿಗಳು ಆರ್ಗ್ಯುಮೆಂಟುಗಳು. ಎರಡೇ ಸಾಮಗ್ರಿ ಬೇಕೆಂದು ಅಚ್ಚಿನಲ್ಲಿ ಕೊರೆದಿದ್ದರೆ ಮೂರನೆಯದಕ್ಕೆ ಅಲ್ಲಿ ಜಾಗವಿಲ್ಲ. ಒಂದೇ ತಂದವನಿಗೆ ಒಳಗೆ ಪ್ರವೇಶವಿಲ್ಲ. ದಾಖಲೆಯ ಜನ್ಮಕಾಲದಲ್ಲಿ ಆದ ಈ ತೀರ್ಮಾನವು ಅದರ ಆಯುಷ್ಯದುದ್ದಕ್ಕೂ ಅದನ್ನು ಬಿಡುವುದಿಲ್ಲ.

ಈಗ ನಮ್ಮ ಹೆಸರುಗಳನ್ನು ನೋಡೋಣ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಮಂದಿ ಹಿರಿಯರಲ್ಲಿ ಕೆಲವರನ್ನು ಈ ಎರಡು ಕಾಲಂಗಳ ಮುಂದೆ ನಿಲ್ಲಿಸಿ ನೋಡಿದರೆ ವಿಷಯ ತಾನಾಗಿ ಸ್ಪಷ್ಟವಾಗುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಮೊದಲು ಊರು, ಅನಂತರ ತಂದೆ, ಕೊನೆಗೆ ಸ್ವಂತ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ಮೊದಲು ಸ್ವಂತ ಹೆಸರು, ಅನಂತರ ತಂದೆ, ಕೊನೆಗೆ ಮನೆತನದ ಅಡ್ಡಹೆಸರು. ಕೋಟ ಶಿವರಾಮ ಕಾರಂತ: ಊರು, ಸ್ವಂತ ಹೆಸರು, ಮನೆತನ. ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ: ಮತ್ತೆ ಊರು, ತಂದೆ, ಸ್ವಂತ ಹೆಸರು. ಕೊಡಗಿನತ್ತ ತಿರುಗಿದರೆ ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರಲ್ಲಿ ಮನೆತನವೇ ಮೊದಲು ಬಂದು ಕೂರುತ್ತದೆ. ಮೂರು ಭಾಗಗಳಿರುವ ಹೆಸರುಗಳಲ್ಲಿಯೇ ಇಷ್ಟು ಬಗೆ! ಯಾವ ಸ್ಥಾನದಲ್ಲಿ ಏನಿದೆ ಎಂಬುದು ಊರಿಂದೂರಿಗೆ, ಮನೆಯಿಂದ ಮನೆಗೆ ಬದಲಾಗುತ್ತದೆ. ಇವರನ್ನೆಲ್ಲ ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂಬ ಎರಡು ಕಂಬಗಳಿಗೆ ಕಟ್ಟಿದರೆ ಕುವೆಂಪು ಅವರಿಗೆ ಸಂಘದ ಪತ್ರ ‘ಪ್ರಿಯ ಕುಪ್ಪಳಿ’ ಎಂದು ಆರಂಭವಾಗುತ್ತದೆ.

ತಂದೆ ಮಕ್ಕಳ ಸಂಬಂಧವೂ ಇಲ್ಲಿ ಕಡಿದುಹೋಗುತ್ತದೆ. ಕುಪ್ಪಳಿ ಪುಟ್ಟಪ್ಪ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನಲ್ಲಿ ನಾಲ್ಕು ಭಾಗಗಳು. ಕೊನೆಯದನ್ನು ಕುಲನಾಮವೆಂದು ತಿಳಿಯುವ ಯಂತ್ರಕ್ಕೆ ತಂದೆ ‘ಪುಟ್ಟಪ್ಪ’ ಕುಟುಂಬದವರು, ಮಗ ‘ತೇಜಸ್ವಿ’ ಕುಟುಂಬದವರು. ಇಬ್ಬರಿಗೂ ಪರಸ್ಪರ ಸಂಬಂಧವಿಲ್ಲ. ಇನ್ನು ಕರೆಯುವ ಹೆಸರಿನ ವಿಚಾರ. ಬೇಂದ್ರೆಯವರನ್ನು ನಾವು ಅಡ್ಡಹೆಸರಿನಿಂದ ಕರೆಯುತ್ತೇವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಊರಿನ ಹೆಸರಿನಿಂದ. ಅನಂತಮೂರ್ತಿಯವರನ್ನು ಸ್ವಂತ ಹೆಸರಿನಿಂದ. ಕುವೆಂಪು ಅವರನ್ನಾದರೋ ಮೂರೂ ಭಾಗಗಳ ಮೊದಲ ಅಕ್ಷರಗಳನ್ನು ಪೋಣಿಸಿ. ಸ್ಥಾನವನ್ನು ನೋಡಿ ಕರೆಯುವ ಹೆಸರನ್ನು ಊಹಿಸಬಲ್ಲ ಸೂತ್ರ ಯಾವುದೂ ಇಲ್ಲ. ಕೇಳಿಯೇ ತಿಳಿಯಬೇಕು.

ಇದು ಕೇವಲ ಅಭಿಮಾನದ ಪ್ರಶ್ನೆಯಾಗಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ನಮ್ಮ ಹಿರಿಯರು ವರ್ಷಕ್ಕೊಮ್ಮೆ ಆರು ತಿಂಗಳಿಗೆಂದು ಇಲ್ಲಿಗೆ ಬರುತ್ತಾರೆ. ಅವರಲ್ಲಿ ಅನೇಕರಿಗೆ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು. ಅಡ್ಡಹೆಸರಿನ ಕಾಲಂ ಖಾಲಿ. ಅಮೆರಿಕದ ವೀಸಾ ಪದ್ಧತಿಯು ಆ ಒಂದೇ ಹೆಸರನ್ನು ಕುಲನಾಮದ ಸ್ಥಾನದಲ್ಲಿ ಇರಿಸಿ, ಸ್ವಂತ ಹೆಸರಿನ ಸ್ಥಾನದಲ್ಲಿ ‘ಎಫ್‌ಎನ್‌ಯು’ ಎಂದು ಮುದ್ರಿಸುತ್ತದೆ. ‘ಮೊದಲ ಹೆಸರು ತಿಳಿಯದು’ ಎಂಬುದು ಅದರ ಅರ್ಥ. ಅಂದರೆ ಎಪ್ಪತ್ತು ವರ್ಷ ಒಂದು ಹೆಸರಿನಿಂದ ಬಾಳಿದ ತಾಯಿಗೆ, ‘ತಿಳಿಯದು’ ಎಂಬುದೇ ಹೆಸರಾಗಿ ಅಂಟಿಕೊಳ್ಳುತ್ತದೆ. ಆಕೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದಾಗ ಒಂದು ಕಡೆ ಎಫ್‌ಎನ್‌ಯು ಎಂದೂ, ಇನ್ನೊಂದು ಕಡೆ ಗಂಡನ ಹೆಸರನ್ನು ಅಡ್ಡಹೆಸರಾಗಿ ಸೇರಿಸಿಯೂ, ಮತ್ತೊಂದು ಕಡೆ ಒಂದೇ ಹೆಸರನ್ನು ಎರಡೂ ಕಾಲಂಗಳಲ್ಲಿ ಬರೆದೂ ದಾಖಲೆಗಳು ಹುಟ್ಟುತ್ತವೆ. ವಿಮಾನ ಪ್ರಯಾಣದಲ್ಲಿಯೂ ಇದೇ ಪಾಡು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳ ಸಂದರ್ಶಕರಿಗೆ ಸಂಯುಕ್ತ ಅರಬ್ ಎಮಿರೇಟ್ಸ್ ಪ್ರವೇಶ ನಿರಾಕರಿಸಲು ತೊಡಗಿದ್ದು 2022ರ ನವೆಂಬರಿನಲ್ಲಿ. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮ ಬಂಧುಗಳಿಗೆ ಆ ಗಾಬರಿ ನೆನಪಿರಬಹುದು.

ದಾಖಲೆ ಎರಡಾದರೆ ಏನು ನಷ್ಟ? ಒಂದರಲ್ಲಿ ಪೆನಿಸಿಲಿನ್ ಅಲರ್ಜಿ ಬರೆದಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಒಂದರಲ್ಲಿ ರಕ್ತ ತೆಳುವಾಗಿಸುವ ಮಾತ್ರೆಯ ಉಲ್ಲೇಖವಿರುತ್ತದೆ, ಶಸ್ತ್ರವೈದ್ಯರು ತೆರೆದ ಇನ್ನೊಂದರಲ್ಲಿ ಆ ಪುಟವೇ ಇಲ್ಲ. ಈ ದೇಶದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವ ಮುನ್ನ, ರಕ್ತ ತೆಗೆಯುವ ಮುನ್ನ ಕನಿಷ್ಠ ಎರಡು ಗುರುತುಗಳನ್ನು ತಾಳೆ ನೋಡುವುದು ಬಹುಕಾಲದ ನಿಯಮ. ಸಾಮಾನ್ಯವಾಗಿ ಅವು ಹೆಸರು ಮತ್ತು ಜನ್ಮದಿನಾಂಕ. ನಮ್ಮ ಹಿರಿಯರಲ್ಲಿ ಎಷ್ಟು ಮಂದಿಯ ಜನ್ಮದಿನಾಂಕ ಶಾಲೆಗೆ ಸೇರಿಸಿದ ದಿನ ಮೇಷ್ಟರು ಅಂದಾಜಿನಲ್ಲಿ ಬರೆದ ಜೂನ್ ಒಂದು ಎಂಬುದು ತಮಗೆ ಗೊತ್ತು. ಎರಡನೆಯ ಗುರುತು ಹೀಗೆ ದುರ್ಬಲವಾದಾಗ ಮೊದಲನೆಯದರ ಮೇಲೆ ಭಾರ ಹೆಚ್ಚುತ್ತದೆ. ಪ್ರತಿ ವ್ಯಕ್ತಿಗೂ ಒಂದು ಆರೋಗ್ಯ ಗುರುತುಸಂಖ್ಯೆ ಇರಬೇಕೆಂದು 1996ರ ಹಿಪಾ ಕಾಯ್ದೆ ಹೇಳಿತ್ತು. ಆದರೆ ಖಾಸಗಿತನದ ಆತಂಕದಿಂದ ಅದಕ್ಕೆ ಸರ್ಕಾರದ ಹಣ ಬಳಸಬಾರದೆಂಬ ನಿರ್ಬಂಧವನ್ನು 1999ರ ಆಯವ್ಯಯ ವರ್ಷದಿಂದ ಅಮೆರಿಕದ ಕಾಂಗ್ರೆಸ್ ಹೇರಿತು. ಹೀಗಾಗಿ ಇಲ್ಲಿ ಇಂದಿಗೂ ರೋಗಿಯ ಹೆಸರೇ ದೊಡ್ಡ ಬೀಗದ ಕೈ. ನಮ್ಮ ಸಂಘವೂ ಆರೋಗ್ಯ ಶಿಬಿರ ನಡೆಸುತ್ತದೆ. ಲಸಿಕೆ, ರಕ್ತಪರೀಕ್ಷೆಗಳ ಪಟ್ಟಿಗೆ ಇದೇ ಸದಸ್ಯತ್ವ ದಾಖಲೆಯೇ ಆಧಾರ. ಆದುದರಿಂದ ಈ ಅಚ್ಚನ್ನು ಕೊರೆಯುವಾಗ ನಾವು ಎಚ್ಚರದಿಂದಿರಬೇಕು.

ಪರಿಹಾರವೇನು? ಪ್ರೋಗ್ರಾಮಿಂಗ್ ಬಲ್ಲವರಿಗೆ ಮೊದಲು ಹೊಳೆಯುವ ಮಾರ್ಗವೆಂದರೆ ಹಲವು ಕನ್‌ಸ್ಟ್ರಕ್ಟರುಗಳನ್ನು ಬರೆಯುವುದು. ಒಂದು ಭಾಗಕ್ಕೊಂದು, ಎರಡಕ್ಕೊಂದು, ಮೂರಕ್ಕೊಂದು. ಜಾವಾ ಭಾಷೆಯಲ್ಲಿ ಇದು ಸಾಧ್ಯ. ದುರ್ಬೀನಿನ ಕೊಳವೆಗಳಂತೆ ಒಂದರಿಂದೊಂದು ಉದ್ದವಾಗುತ್ತ ಹೋಗುವುದರಿಂದ ಈ ಪದ್ಧತಿಗೆ ‘ಟೆಲಿಸ್ಕೋಪಿಂಗ್ ಕನ್‌ಸ್ಟ್ರಕ್ಟರ್’ ಎಂದೇ ಹೆಸರು. ಆದರೆ ಎಲ್ಲ ಭಾಗಗಳೂ ಒಂದೇ ಬಗೆಯವು, ಬರಿಯ ಅಕ್ಷರಮಾಲೆಗಳು. ಮೂರು ಭಾಗಗಳ ಕನ್‌ಸ್ಟ್ರಕ್ಟರಿಗೆ ‘ಊರು, ತಂದೆ, ಸ್ವಂತ ಹೆಸರು’ ಬಂದರೂ ‘ಸ್ವಂತ ಹೆಸರು, ತಂದೆ, ಮನೆತನ’ ಬಂದರೂ ಯಂತ್ರಕ್ಕೆ ಭೇದ ತಿಳಿಯದು. ಪೈಥಾನ್ ಭಾಷೆಯಲ್ಲಂತೂ ಒಂದು ಅಚ್ಚಿಗೆ ಒಂದೇ ಆರಂಭವಿಧಿ; ಅದೇ ಹೆಸರಿನಲ್ಲಿ ಎರಡನೆಯದನ್ನು ಬರೆದರೆ ಮೊದಲನೆಯದು ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಎರಡನೆಯ ಮಾರ್ಗ, ಎಷ್ಟು ಬಂದರೂ ಸ್ವೀಕರಿಸುವ ಕನ್‌ಸ್ಟ್ರಕ್ಟರ್. ಈ ಸೌಲಭ್ಯಕ್ಕೆ ದೀರ್ಘ ಇತಿಹಾಸವಿದೆ. ಸಿ ಭಾಷೆಯ ‘ಪ್ರಿಂಟ್‌ಎಫ್’ ಎಂಬ ಮುದ್ರಣವಿಧಿ ಎಷ್ಟು ಸಾಮಗ್ರಿ ಕೊಟ್ಟರೂ ತೆಗೆದುಕೊಳ್ಳುತ್ತದೆ. ಆದರೆ ಎಷ್ಟು ಬಂದಿವೆ ಎಂಬುದನ್ನು ಅರಿಯಲು ಅದಕ್ಕೆ ಸ್ವಂತ ಉಪಾಯವಿಲ್ಲ. ಜೊತೆಗೆ ಬಂದ ಒಕ್ಕಣೆಯನ್ನು ನಂಬಿ ಅಷ್ಟನ್ನು ಎಣಿಸಿಕೊಳ್ಳುತ್ತದೆ. ಒಕ್ಕಣೆಯಲ್ಲಿ ನಾಲ್ಕು ಎಂದಿದ್ದು ಕೈಗೆ ಮೂರು ಬಂದರೆ ಪರಿಣಾಮ ಏನಾದೀತೆಂದು ಭಾಷೆಯ ನಿಯಮಗಳೂ ಹೇಳುವುದಿಲ್ಲ. ಜಾವಾ ಭಾಷೆಗೆ 2004ರಲ್ಲಿ ಐದನೆಯ ಆವೃತ್ತಿಯೊಡನೆ ಮೂರು ಚುಕ್ಕೆಗಳ ಕ್ರಮ ಬಂದಿತು. ಚುಕ್ಕೆಗಳಿಟ್ಟ ಸ್ಥಾನ ಯಾವಾಗಲೂ ಕೊನೆಯದಾಗಿರಬೇಕು. ಅಲ್ಲಿ ಬಂದದ್ದೆಲ್ಲವೂ ಎಣಿಕೆ ಸಹಿತವಾಗಿ ಒಂದು ಸಾಲಿನಲ್ಲಿ ಒಳಗೆ ಸಿಗುತ್ತದೆ. ಪೈಥಾನಿನಲ್ಲಿ ಒಂದು ನಕ್ಷತ್ರಚಿಹ್ನೆ ಇಟ್ಟರೆ ಹೆಸರಿಲ್ಲದ ಸಾಮಗ್ರಿಗಳೆಲ್ಲ ಒಂದು ಕಟ್ಟಾಗಿ ಬರುತ್ತವೆ. ಎರಡು ನಕ್ಷತ್ರಗಳಿಟ್ಟರೆ ಹೆಸರಿನ ಚೀಟಿ ಅಂಟಿಸಿದ ಸಾಮಗ್ರಿಗಳು ನಿಘಂಟಿನ ರೂಪದಲ್ಲಿ ಬರುತ್ತವೆ. ಸಿ ಪ್ಲಸ್ ಪ್ಲಸ್ 2011ರಲ್ಲಿಯೂ ಜಾವಾಸ್ಕ್ರಿಪ್ಟ್ 2015ರಲ್ಲಿಯೂ ತಮ್ಮ ತಮ್ಮ ಹೊಸ ಕ್ರಮಗಳನ್ನು ಸೇರಿಸಿಕೊಂಡವು.

ಎರಡು ನಕ್ಷತ್ರಗಳ ಈ ವಿಚಾರ ಕನ್ನಡಿಗರಿಗೆ ಹೊಸದಾಗಿ ಕಾಣಬೇಕಾಗಿಲ್ಲ. ‘ರಾಮನು ಸೀತೆಗೆ ಹೂವನ್ನು ಕೊಟ್ಟನು’ ಎಂಬ ವಾಕ್ಯವನ್ನು ‘ಹೂವನ್ನು ಸೀತೆಗೆ ರಾಮನು ಕೊಟ್ಟನು’ ಎಂದರೂ ಕೊಟ್ಟವನು ರಾಮನೇ, ಪಡೆದವಳು ಸೀತೆಯೇ. ಪದದ ಬೆನ್ನಿಗೆ ಅಂಟಿದ ವಿಭಕ್ತಿ ಪ್ರತ್ಯಯವು ಆ ಪದದ ಕೆಲಸವನ್ನು ತಾನೇ ಸಾರುತ್ತದೆ, ಸ್ಥಾನದ ಹಂಗಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ, ಅಲ್ಲಿ ಕ್ರಿಯಾಪದದ ಮುಂದೆ ಯಾರು, ಹಿಂದೆ ಯಾರು ಎಂಬುದರ ಮೇಲೆ ಅರ್ಥ ನಿಂತಿದೆ. ‘ಮೊದಲ ಹೆಸರು, ಕೊನೆಯ ಹೆಸರು’ ಎಂಬುದು ಸ್ಥಾನವನ್ನು ನಂಬುವ ವ್ಯಾಕರಣ. ನಮ್ಮ ಹೆಸರುಗಳಿಗೆ ಬೇಕಾದದ್ದು ಪ್ರತ್ಯಯವನ್ನು ನಂಬುವ ವ್ಯಾಕರಣ: ಇದು ಊರು, ಇದು ತಂದೆಯ ಹೆಸರು, ಇದು ಮನೆತನ, ಇದು ಸ್ವಂತ ಹೆಸರು ಎಂದು ಚೀಟಿ ಅಂಟಿಸಿ ಕೊಡುವುದು. ಎಣಿಕೆಯ ವಿಚಾರಕ್ಕೂ ನಮ್ಮಲ್ಲಿ ಉತ್ತರವಿದೆ. ದ್ವಂದ್ವಸಮಾಸಕ್ಕೆ ಶಾಲೆಯಲ್ಲಿ ಕಲಿತ ಉದಾಹರಣೆ ನೆನಪಿಸಿಕೊಳ್ಳಿ: ಕೆರೆಯೂ ಕಟ್ಟೆಯೂ ಬಾವಿಯೂ ಸೇರಿ ಕೆರೆಕಟ್ಟೆಬಾವಿಗಳು. ಎರಡು ಸೇರಿದರೂ ಸಮಾಸವೇ, ಮೂರು ಸೇರಿದರೂ ಸಮಾಸವೇ. ನಾಲ್ಕನೆಯದು ಬಂದರೆ ವ್ಯಾಕರಣ ಮುರಿದುಬೀಳುವುದಿಲ್ಲ.

ಎಷ್ಟು ಬಂದರೂ ಸ್ವೀಕರಿಸುವುದೆಂದರೆ ಏನು ಬಂದರೂ ಸ್ವೀಕರಿಸುವುದಲ್ಲ. ಇಲ್ಲಿ ನಮ್ಮ ಯುವ ಸ್ವಯಂಸೇವಕರ ಗಮನವನ್ನು ಕೆಲವು ಅಪಾಯಗಳತ್ತ ಸೆಳೆಯಬಯಸುತ್ತೇವೆ.

ಮೊದಲನೆಯದು ಶೂನ್ಯದ ಅಪಾಯ. ಎಷ್ಟಾದರೂ ಸರಿ ಎಂದಾಗ ಸೊನ್ನೆಯೂ ಸರಿ ಎಂದಾಗುತ್ತದೆ. ಹೆಸರೇ ಇಲ್ಲದ ಸದಸ್ಯ ಸಲೀಸಾಗಿ ಹುಟ್ಟಿಬಿಡುತ್ತಾನೆ. ಜಾವಾ ಬಳಸುವವರಲ್ಲಿ ಮಾನ್ಯರಾದ ಜೋಷುವಾ ಬ್ಲಾಕ್ ಅವರು ‘ಎಫೆಕ್ಟಿವ್ ಜಾವಾ’ ಕೃತಿಯಲ್ಲಿ ಇದಕ್ಕೊಂದು ಸರಳ ಉಪಾಯ ಸೂಚಿಸಿದ್ದಾರೆ: ಕನಿಷ್ಠ ಒಂದು ಬೇಕೇಬೇಕಾದಲ್ಲಿ ಮೊದಲನೆಯದನ್ನು ಪ್ರತ್ಯೇಕವಾಗಿ, ಕಡ್ಡಾಯವಾಗಿ ಕೇಳಿ, ಉಳಿದವುಗಳಿಗೆ ಮಾತ್ರ ಮೂರು ಚುಕ್ಕೆಗಳನ್ನಿಡಿ. ಬಂದ ಮೇಲೆ ಪರೀಕ್ಷಿಸಿ ದೂರುವುದಕ್ಕಿಂತ, ಇಲ್ಲದೆ ಬರುವುದೇ ಅಸಾಧ್ಯವಾಗುವಂತೆ ಬಾಗಿಲು ಕಟ್ಟುವುದು ಲೇಸು. ರೋಗ ಬಂದ ಮೇಲಿನ ಮದ್ದಿಗಿಂತ ಲಸಿಕೆ ಮೇಲು ಎಂಬ ನಮ್ಮ ವೃತ್ತಿಯ ಮಾತೂ ಇದೇ.

ಎರಡನೆಯದು ಒಂದೇ ಬಂದಾಗ ಅರ್ಥ ಪಲ್ಲಟವಾಗುವ ಅಪಾಯ. ಜಾವಾಸ್ಕ್ರಿಪ್ಟಿನ ‘ಅರೇ’ ಕನ್‌ಸ್ಟ್ರಕ್ಟರಿಗೆ 3 ಮತ್ತು 4 ಎಂದು ಕೊಟ್ಟರೆ ಆ ಎರಡು ಸಂಖ್ಯೆಗಳಿರುವ ಸಾಲು ದೊರೆಯುತ್ತದೆ. 3 ಎಂದು ಮಾತ್ರ ಕೊಟ್ಟರೆ, ಮೂರು ಎಂಬ ಸಂಖ್ಯೆಯುಳ್ಳ ಸಾಲಿನ ಬದಲಿಗೆ ಮೂರು ಖಾಲಿ ಸ್ಥಾನಗಳ ಸಾಲು ಸಿಗುತ್ತದೆ! ಈ ಗೊಂದಲ ನಿವಾರಣೆಗಾಗಿಯೇ 2015ರಲ್ಲಿ ‘ಅರೇ ಡಾಟ್ ಆಫ್’ ಎಂಬ ಬೇರೊಂದು ವಿಧಿಯನ್ನು ತರಬೇಕಾಯಿತು. ಸಿ ಪ್ಲಸ್ ಪ್ಲಸ್‌ನ ‘ವೆಕ್ಟರ್’ ವಿಷಯವೂ ಹೀಗೆಯೇ. 3 ಮತ್ತು 5 ಎಂಬುದನ್ನು ದುಂಡು ಆವರಣದಲ್ಲಿ ಕೊಟ್ಟರೆ ಮೂರು ಐದುಗಳು, ಪುಷ್ಪಾವರಣದಲ್ಲಿ ಕೊಟ್ಟರೆ ಮೂರು ಒಂದು, ಐದು ಒಂದು. ಒಂದೇ ಹೆಸರುಳ್ಳ ನಮ್ಮ ಹಿರಿಯರು ಸಿಕ್ಕಿಬೀಳುವುದು ಇಂತಹ ಕಂದಕಗಳಲ್ಲಿಯೇ. ಎಣಿಕೆ ಬದಲಾದಾಗ ಅರ್ಥವೂ ಬದಲಾಗುವ ವಿಧಿಯನ್ನು ಬರೆಯಕೂಡದು.

ಮೂರನೆಯದು ಕನ್ನಡ ಲಿಪಿಗೆ ವಿಶೇಷವಾದದ್ದು. ಪೈಥಾನಿನಲ್ಲಿ ಹೆಸರುಗಳ ಪಟ್ಟಿಯನ್ನು ಬಿಡಿಸಿ ಕೊಡಬೇಕಾದೆಡೆ ಅಕಸ್ಮಾತ್ತಾಗಿ ಒಂದೇ ಹೆಸರನ್ನು ನಕ್ಷತ್ರದೊಡನೆ ಕೊಟ್ಟರೆ ಯಂತ್ರ ದೂರುವುದಿಲ್ಲ; ಆ ಹೆಸರನ್ನೇ ಚೂರು ಮಾಡುತ್ತದೆ. ‘ತೇಜಸ್ವಿ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ತ, ಏತ್ವ, ಜ, ಸ, ಹಲಂತ, ವ, ಗುಡಿಸು ಎಂದು ಏಳು ಸಂಕೇತಗಳು. ಒಂದು ಹೆಸರಿನ ಸದಸ್ಯ ಏಳು ಹೆಸರಿನವನಾಗುತ್ತಾನೆ; ಅದರಲ್ಲಿ ಮೂರು ಒಂಟಿಯಾಗಿ ನಿಲ್ಲಲಾರದ ಚಿಹ್ನೆಗಳು. ಇಂಗ್ಲಿಷ್ ಹೆಸರುಗಳಿಂದ ಮಾತ್ರ ಪರೀಕ್ಷಿಸಿ ತೃಪ್ತರಾಗದೆ ಒತ್ತಕ್ಷರಗಳಿರುವ ಕನ್ನಡ ಹೆಸರುಗಳನ್ನು ಕೊಟ್ಟೇ ಪರೀಕ್ಷಿಸಬೇಕೆಂದು ನಾವು ಆಗ್ರಹಿಸುವುದು ಇದಕ್ಕೆ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. ಇಂಗ್ಲಿಷಿಗೆಂದು ಅಳೆದಿಟ್ಟ ಬೈಟುಗಳ ಮಿತಿಯಲ್ಲಿ ನಮ್ಮ ಹೆಸರಿನ ಬಾಲ ತುಂಡಾಗುವುದು ಖಂಡಿತ.

ನಾಲ್ಕನೆಯದು ಜೋಡಿಗಳ ಅಪಾಯ. ಕುಟುಂಬದ ದಾಖಲೆಗೆ ಮಕ್ಕಳ ಹೆಸರು, ವಯಸ್ಸು, ಮತ್ತೆ ಹೆಸರು, ಮತ್ತೆ ವಯಸ್ಸು ಎಂದು ಸಾಲಾಗಿ ಕೊಡುವ ಕ್ರಮವನ್ನು ಕೆಲವರು ಸೂಚಿಸಿದ್ದಾರೆ. ನಡುವೆ ಒಂದು ವಯಸ್ಸು ಬಿಟ್ಟುಹೋದರೆ ಅಲ್ಲಿಂದಾಚೆಗೆ ಎಲ್ಲವೂ ಒಂದೊಂದು ಹೆಜ್ಜೆ ಸರಿಯುತ್ತವೆ. ಔಷಧಿಯ ಹೆಸರು, ಪ್ರಮಾಣ, ಔಷಧಿಯ ಹೆಸರು, ಪ್ರಮಾಣ ಎಂದು ಒಂದೇ ಸಾಲಿನಲ್ಲಿ ಬರೆದ ಚೀಟಿಯನ್ನು ಊಹಿಸಿಕೊಳ್ಳಿ. ಒಂದು ಪ್ರಮಾಣ ಜಾರಿದರೆ ಮುಂದಿನ ಮಾತ್ರೆಯ ಪ್ರಮಾಣ ಹಿಂದಿನದಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕಾಗಿಯೇ ವೈದ್ಯರು ಒಂದೊಂದು ಔಷಧಿಗೂ ಹೆಸರು, ಪ್ರಮಾಣ, ಸೇವಿಸುವ ಕ್ರಮ, ಕಾಲ ಇವನ್ನು ಒಂದು ಘಟಕವಾಗಿಯೇ ಬರೆಯುತ್ತಾರೆ. ಘಟಕಗಳು ಎಷ್ಟಾದರೂ ಇರಲಿ, ಪ್ರತಿ ಘಟಕವೂ ತಾನು ಪೂರ್ಣವಾಗಿರಬೇಕು. 2017ರ ಜಾವಾ ಆವೃತ್ತಿಯಲ್ಲಿಯೂ ಇದೇ ವಿವೇಕ ಕಾಣುತ್ತದೆ: ‘ಮ್ಯಾಪ್ ಡಾಟ್ ಆಫ್’ ಎಂಬುದು ಹತ್ತು ಜೋಡಿಗಳವರೆಗೆ ಮಾತ್ರ ಸಾಲಾಗಿ ತೆಗೆದುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಮೊದಲೇ ಕಟ್ಟಿದ ಜೋಡಿಗಳನ್ನು ಎಷ್ಟಾದರೂ ಸ್ವೀಕರಿಸುವ ‘ಆಫ್ ಎಂಟ್ರೀಸ್’ ಎಂಬ ಇನ್ನೊಂದು ವಿಧಿಯನ್ನು ಬಳಸಬೇಕು.

ಐದನೆಯದು ಕಾಗುಣಿತದ ಅಪಾಯ. ಎರಡು ನಕ್ಷತ್ರಗಳ ಕನ್‌ಸ್ಟ್ರಕ್ಟರ್ ಅತಿ ಉದಾರಿ. ‘ಮನೆತನ’ ಎಂಬ ಚೀಟಿಗೆ ಬದಲಾಗಿ ‘ಮನತನ’ ಎಂದು ಬರೆದು ಕೊಟ್ಟರೂ ತಲೆಯಾಡಿಸಿ ಇಟ್ಟುಕೊಳ್ಳುತ್ತದೆ. ಆಮೇಲೆ ಹುಡುಕಿದಾಗ ಮನೆತನ ಎಲ್ಲಿಯೂ ಇರುವುದಿಲ್ಲ. ಆದುದರಿಂದ ಒಪ್ಪುವ ಚೀಟಿಗಳನ್ನು ಮೊದಲೇ ಹೆಸರಿಸಿ, ಅಪರಿಚಿತವಾದದ್ದು ಬಂದರೆ ಬಾಗಿಲಲ್ಲೇ ತಡೆಯಬೇಕು.

ಈ ನಿಲುವಿಗೆ ಆಕ್ಷೇಪಗಳಿವೆ. ಅವು ಹುರುಳಿಲ್ಲದವೂ ಅಲ್ಲ. ಬ್ಯಾಂಕು, ವಿಮೆ, ವಿಮಾನ ಸಂಸ್ಥೆ ಎಲ್ಲವೂ ಎರಡು ಕಾಲಂಗಳನ್ನೇ ಕೇಳುತ್ತಿರುವಾಗ ನಾವು ಮಾತ್ರ ಬೇರೆ ದಾರಿ ಹಿಡಿದು ಸಾಧಿಸುವುದೇನು ಎಂಬುದು ಒಂದು. ಪಾಸ್‌ಪೋರ್ಟಿನ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆಯಲ್ಲ, ಅಲ್ಲಿಯೂ ಹೆಸರು ಎರಡೇ ವಿಭಾಗವಾಗಿ, ಒಟ್ಟು 39 ಸ್ಥಾನಗಳೊಳಗೆ ಅಡಗಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ನಿಜ. ಆದರೆ ಪೂರ್ಣ ಹೆಸರಿನಿಂದ ಎರಡು ಕಾಲಂಗಳನ್ನು ಬೇಕಾದಾಗ ತೆಗೆದುಕೊಳ್ಳಬಹುದು. ಎರಡು ಕಾಲಂಗಳಿಂದ ಪೂರ್ಣ ಹೆಸರನ್ನು ಮರಳಿ ಕಟ್ಟಲಾಗದು. ಕಳೆದುಕೊಂಡದ್ದನ್ನು ಯಂತ್ರ ಊಹಿಸಿ ತುಂಬಲಾರದು. ‘ಪಾಸ್‌ಪೋರ್ಟಿನಲ್ಲಿ ಇರುವಂತೆ’ ಎಂಬುದನ್ನು ಪ್ರತ್ಯೇಕ ಚೀಟಿಯಾಗಿ ಇರಿಸಿಕೊಂಡರೆ ಹೊರಗಿನವರೊಡನೆ ವ್ಯವಹರಿಸಲು ಅಡ್ಡಿಯಿಲ್ಲ.

ಎರಡನೆಯ ಆಕ್ಷೇಪ ಸರಳತೆಯದು. ಇಷ್ಟು ಚಿಕ್ಕ ಸಂಘಕ್ಕೆ ಇಷ್ಟು ದೊಡ್ಡ ಏರ್ಪಾಡೇಕೆ ಎಂಬ ಪ್ರಶ್ನೆ. ನಾವು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ ಎಂಬುದೇ ಇದಕ್ಕೆ ಉತ್ತರ. ಆಸ್ಪತ್ರೆಗಳ ನಡುವೆ ಮಾಹಿತಿ ವಿನಿಮಯಕ್ಕಾಗಿ ಎಚ್‌ಎಲ್ ಸೆವೆನ್ ಸಂಸ್ಥೆ ರೂಪಿಸಿರುವ ‘ಫೈರ್’ ಎಂಬ ಮಾನದಂಡದಲ್ಲಿ ಮನುಷ್ಯನ ಹೆಸರಿಗೆ ಒಂದು ಅಚ್ಚು ಸಿದ್ಧವಿದೆ. ಕುಲನಾಮ ಇದ್ದರೆ ಒಂದು, ಇಲ್ಲದಿದ್ದರೂ ಸರಿ. ಸ್ವಂತ ಹೆಸರುಗಳು ಎಷ್ಟಾದರೂ ಇರಬಹುದು, ಅವುಗಳ ಕ್ರಮವನ್ನು ಕಾಪಾಡಬೇಕು. ಹಿಂದೆ ಮುಂದೆ ಸೇರುವ ಬಿರುದುಗಳು ಎಷ್ಟಾದರೂ ಇರಬಹುದು. ಇಡೀ ಹೆಸರನ್ನು ಬರೆಯುವ ರೀತಿಗೆ ಒಂದು ಪಠ್ಯ. ಅದು ಅಧಿಕೃತ ಹೆಸರೋ, ರೂಢಿಯ ಹೆಸರೋ, ಮದುವೆಗೆ ಮುಂಚಿನದೋ ಎಂಬುದಕ್ಕೆ ಒಂದು ಚೀಟಿ. ಎಂದಿನಿಂದ ಎಂದಿನವರೆಗೆ ಬಳಕೆಯಲ್ಲಿತ್ತು ಎಂಬುದಕ್ಕೆ ಕಾಲಾವಧಿ. ಒಬ್ಬ ರೋಗಿಗೆ ಇಂತಹ ಹೆಸರುಗಳು ಎಷ್ಟಾದರೂ ಇರಬಹುದು. ಮದುವೆಯಾಗಿ ಹೆಸರು ಬದಲಿಸಿಕೊಂಡ ನಮ್ಮ ಸೋದರಿಯರ ಹಳೆಯ ಲಸಿಕೆ ದಾಖಲೆ ಹೊಸ ಹೆಸರಿನೊಡನೆ ಕೂಡಿಕೊಳ್ಳಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಹೀಗಾಗಿ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಸಲಹೆಗಳು ನಾಲ್ಕು. ಕಡ್ಡಾಯವಾದದ್ದು ಒಂದೇ ಇರಲಿ: ಸದಸ್ಯರು ತಮ್ಮ ಪೂರ್ಣ ಹೆಸರನ್ನು ತಾವು ಬರೆಯುವ ಕ್ರಮದಲ್ಲಿಯೇ ಬರೆಯಲಿ. ಊರು, ತಂದೆ ಅಥವಾ ತಾಯಿ, ಮನೆತನ, ಸ್ವಂತ ಹೆಸರು ಎಂಬ ಚೀಟಿಗಳು ಐಚ್ಛಿಕವಾಗಿರಲಿ; ಎಷ್ಟು ತುಂಬಿದರೂ, ಏನೂ ತುಂಬದಿದ್ದರೂ ದಾಖಲೆ ಹುಟ್ಟಲಿ. ‘ತಮ್ಮನ್ನು ಹೇಗೆ ಕರೆಯಬೇಕು’ ಎಂಬುದನ್ನು ನೇರವಾಗಿ ಕೇಳೋಣ, ಕನ್ನಡ ಲಿಪಿಯಲ್ಲಿಯೂ ಬರೆಯಲು ಜಾಗ ಕೊಡೋಣ. ಕುಟುಂಬದ ದಾಖಲೆಯಲ್ಲಿ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂಬ ಹಳೆಯ ಗೆರೆಯನ್ನು ಅಳಿಸಿ, ಒಬ್ಬರಿಂದ ತೊಡಗಿ ಎಷ್ಟು ಮಂದಿಯಾದರೂ ಸೇರುವಂತೆ ಮಾಡೋಣ. ಮೂರನೆಯ ಮಗುವಿನ ಹೆಸರೂ ಆರು ತಿಂಗಳಿಗೆಂದು ಬಂದ ಅಜ್ಜಿಯ ಹೆಸರೂ ಷರಾ ಕಾಲಂನಲ್ಲಿ ಮುದುಡಿ ಕೂರುವುದು ಇನ್ನು ನಿಲ್ಲಲಿ.

ರಾಜ್ಯೋತ್ಸವಕ್ಕೆ ಮುನ್ನ ಈ ಕೆಲಸ ಮುಗಿಯಬೇಕಿದೆ. ಒಮ್ಮೆ ಎಲ್ಲರ ದಾಖಲೆಗಳೂ ಎರಡು ಕಾಲಂಗಳಿಗೆ ಇಳಿದರೆ ಬಿಟ್ಟುಹೋದ ಭಾಗಗಳನ್ನು ಮನೆಮನೆಗೆ ಫೋನ್ ಮಾಡಿ ಕೇಳಬೇಕಾಗುತ್ತದೆ. ಆ ಹೊತ್ತಿಗೆ ಕೇಳಬೇಕಾದ ಹಿರಿಯರು ಊರಿಗೆ ಮರಳಿರುತ್ತಾರೆ. ಆದುದರಿಂದ ಒಂದು ವಿನಂತಿ. ಈ ವಾರ ಮಕ್ಕಳೊಡನೆ ಕುಳಿತು ಮನೆಯ ಪ್ರತಿಯೊಬ್ಬರ ಪೂರ್ಣ ಹೆಸರನ್ನು ಕನ್ನಡದಲ್ಲಿ ಬರೆಯಿಸಿ. ಒಂದೊಂದು ಭಾಗವೂ ಏನೆಂದು ಅವರಿಗೆ ಹೇಳಿ. ತಮ್ಮ ಹೆಸರಿನ ಹಿಂದಿರುವ ಒಂಟಿ ಅಕ್ಷರ ಯಾವ ಊರಿನದು, ಯಾವ ತಾತನದು ಎಂಬುದನ್ನು ಮೊದಲ ಬಾರಿಗೆ ಕೇಳುವ ಮಕ್ಕಳು ನಮ್ಮ ನಡುವೆ ಕಡಿಮೆಯೇನಿಲ್ಲ. ಆ ಹಾಳೆಯನ್ನು ಮಾಹಿತಿ ತಂತ್ರಜ್ಞಾನ ಸಮಿತಿಗೆ ತಲುಪಿಸಿ. ಒಂದೇ ಭಾಗದ ಹೆಸರು, ನಾಲ್ಕು ಭಾಗದ ಹೆಸರು, ಒತ್ತಕ್ಷರ ತುಂಬಿದ ಹೆಸರು, ಎಲ್ಲವೂ ಬರಲಿ. ಹೊಸ ಕನ್‌ಸ್ಟ್ರಕ್ಟರನ್ನು ಪರೀಕ್ಷಿಸಲು ನಮ್ಮ ಹುಡುಗರಿಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆ ದೊರೆಯದು.